ಫೋನು ಮೌನವಾದಾಗ ಯಾರನ್ನು ಕೇಳುವುದು?

2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್ ನಗರದಲ್ಲಿ ನಡೆದ ಶೆಲ್ ದಾಳಿಗೆ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಬಲಿಯಾದ. ಆಹಾರ ಸಾಮಗ್ರಿ ತರಲೆಂದು ಆತ ಹೊರಗೆ ಬಂದಿದ್ದ. ಆ ಸುದ್ದಿ ಟಿವಿಯಲ್ಲಿ ಬಿತ್ತರವಾಗುತ್ತಿದ್ದಂತೆ, ಉಕ್ರೇನಿನಲ್ಲಿ ಮಕ್ಕಳನ್ನು ಓದಲು ಬಿಟ್ಟಿದ್ದ ರಾಜ್ಯದ ಮನೆಮನೆಯಲ್ಲೂ ಕೈ ಮೊದಲು ಹೋಗಿದ್ದು ಮೊಬೈಲ್ ಕಡೆಗೆ. ಕೆಲವರಿಗೆ ಆ ಕಡೆಯಿಂದ ದನಿ ಕೇಳಿತು. ಇನ್ನು ಕೆಲವರಿಗೆ ಕೇಳಿದ್ದು ಬರಿಯ ಮೌನ. ‘ಬೆಳಿಗ್ಗೆ ಮಾತಾಡಿದ್ದ, ಈಗ ಸಿಗುತ್ತಿಲ್ಲ’ ಎಂಬುದು ಆ ವಾರ ರಾಜ್ಯದ ಹಲವು ಊರುಗಳಿಂದ ಕೇಳಿಬಂದ ಮಾತು.

ಮಕ್ಕಳು ದೂರ ಹೋಗುವುದು ನಮಗೆ ಹೊಸದಲ್ಲ. ಆದರೆ ದೂರ ಹೋದ ಮಕ್ಕಳು ಸದಾ ಕೈಗೆಟಕುವಂತಿದ್ದಾರೆ ಎಂಬ ಭಾವನೆ ಹೊಸದು. ಮೊಬೈಲ್ ನಮಗೆ ಕೊಟ್ಟ ಅತಿ ದೊಡ್ಡ ಸಮಾಧಾನ ಇದೇ. ಕಳೆದ ಐದಾರು ವರ್ಷಗಳ ವಿದ್ಯಮಾನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಈ ಸಮಾಧಾನ ಎಷ್ಟು ತೆಳುವಾದದ್ದು ಎಂಬುದು ಅರಿವಾಗುತ್ತದೆ. ನಿಜವಾದ ಆಪತ್ತು ಎದುರಾದಾಗ ಕುಟುಂಬಗಳ ಕೈಹಿಡಿದದ್ದು ದಿನಕ್ಕೆ ಮೂರು ಬಾರಿ ಮಾಡುತ್ತಿದ್ದ ಕರೆಗಳಲ್ಲ. ಹೊರಡುವ ಮುನ್ನ ಮಾಡಿಟ್ಟುಕೊಂಡ ಏರ್ಪಾಡು ಮತ್ತು ಎಲ್ಲೋ ಒಂದು ಪಟ್ಟಿಯಲ್ಲಿ ಬರೆಸಿದ್ದ ಹೆಸರು ಅವರ ನೆರವಿಗೆ ಬಂದವು. ಈ ಎರಡರಲ್ಲೂ ನಾವು ಹಿಂದೆ ಬಿದ್ದಿದ್ದೇವೆ.

ಅಂಕಿ-ಅಂಶ ಹೇಳುವುದೇನು?

ವಿದೇಶಾಂಗ ಸಚಿವಾಲಯ ಸಂಸತ್ತಿಗೆ ನೀಡಿದ ಮಾಹಿತಿಯ ಪ್ರಕಾರ 2024ರಲ್ಲಿ ವಿದೇಶಗಳಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ ಸುಮಾರು 13.35 ಲಕ್ಷ. 2022ರಲ್ಲಿ ಇದು 9 ಲಕ್ಷದ ಆಸುಪಾಸಿನಲ್ಲಿತ್ತು. ಇದೇ ಸಚಿವಾಲಯ 2024ರ ಜುಲೈನಲ್ಲಿ ಲೋಕಸಭೆಗೆ ಇನ್ನೊಂದು ಲೆಕ್ಕವನ್ನೂ ಒಪ್ಪಿಸಿತು. ಹಿಂದಿನ ಐದು ವರ್ಷಗಳಲ್ಲಿ 41 ದೇಶಗಳಲ್ಲಿ 633 ಭಾರತೀಯ ವಿದ್ಯಾರ್ಥಿಗಳು ಮೃತಪಟ್ಟಿದ್ದರು. ಕೆನಡಾದಲ್ಲಿ 172, ಅಮೆರಿಕದಲ್ಲಿ 108. ಅನಾರೋಗ್ಯ, ಅಪಘಾತ ಸೇರಿದಂತೆ ಎಲ್ಲ ಕಾರಣಗಳೂ ಈ ಲೆಕ್ಕದಲ್ಲಿವೆ.

13 ಲಕ್ಷದ ಮುಂದೆ 633 ಸಣ್ಣ ಸಂಖ್ಯೆಯೇ. ಅದನ್ನು ಹಿಡಿದು ಮಕ್ಕಳನ್ನು ಕಳುಹಿಸಲೇಬಾರದು ಎನ್ನುವುದು ಅವಿವೇಕ. ಆದರೆ ಪ್ರತಿಯೊಂದು ಸಾವಿನ, ಪ್ರತಿಯೊಂದು ಬಂಧನದ, ಪ್ರತಿಯೊಂದು ನಾಪತ್ತೆ ಪ್ರಕರಣದ ಹಿಂದೆ ಕೆಲವು ಗಂಟೆಗಳ ಅಥವಾ ಕೆಲವು ದಿನಗಳ ಮೌನವೊಂದು ಇರುತ್ತದೆ. ಆ ಅವಧಿಯಲ್ಲಿ ದಾವಣಗೆರೆಯಲ್ಲೋ ಮೈಸೂರಿನಲ್ಲೋ ಕುಳಿತ ತಂದೆ-ತಾಯಿ ಯಾರನ್ನು ಕೇಳಬೇಕು ಎಂಬುದಕ್ಕೆ ಬಹುಪಾಲು ಮನೆಗಳಲ್ಲಿ ಉತ್ತರವಿಲ್ಲ.

ವಾರದ ಪತ್ರದಿಂದ ಗಂಟೆಯ ಆತಂಕಕ್ಕೆ

ಇನ್‌ಲ್ಯಾಂಡ್ ಪತ್ರದ ಕಾಲದಲ್ಲಿ ದೆಹಲಿಗೋ ಮುಂಬೈಗೋ ಹೋದ ಮಗ ‘ಕ್ಷೇಮವಾಗಿ ತಲುಪಿದೆ’ ಎಂದು ಬರೆದದ್ದು ಮನೆ ಮುಟ್ಟುವಷ್ಟರಲ್ಲಿ ವಾರ ಕಳೆದಿರುತ್ತಿತ್ತು. ಟೆಲಿಗ್ರಾಂ ಬಂದರೆ ಒಡೆದು ಓದುವ ಮುನ್ನವೇ ಮನೆಯವರ ಎದೆ ನಡುಗುತ್ತಿತ್ತು. ಆ ಟೆಲಿಗ್ರಾಂ ಸೇವೆ 2013ರ ಜುಲೈನಲ್ಲಿ ಕೊನೆಗೊಂಡಿತು. ಎಸ್‌ಟಿಡಿ ಬೂತುಗಳ ಕಾಲದಲ್ಲಿ ರಾತ್ರಿಯ ಅಗ್ಗದ ದರಕ್ಕಾಗಿ ಕಾದು, ಮೀಟರ್ ನೋಡುತ್ತಾ ಮಾತು ಮುಗಿಸುವುದು ರೂಢಿಯಾಗಿತ್ತು. ಇಂಟರ್‌ನೆಟ್ ಕೆಫೆಗಳು, ಅನಂತರ ಸ್ಕೈಪ್ ಬಂದವು. ಆ ಸ್ಕೈಪ್ ಕೂಡ 2025ರ ಮೇ ತಿಂಗಳಲ್ಲಿ ಬಾಗಿಲು ಹಾಕಿತು.

ಹಿಂದಿನ ವ್ಯವಸ್ಥೆ ಉತ್ತಮವಾಗಿತ್ತು ಎಂದು ಯಾರೂ ಹೇಳಲಾರರು. ಆದರೆ ಆಗ ಮೌನಕ್ಕೆ ಒಂದು ಅಳತೆಯಿತ್ತು. ಹದಿನೈದು ದಿನ ಪತ್ರ ಬರದಿದ್ದರೆ ಮಾತ್ರ ಚಿಂತೆ. ಈಗ ವಾಟ್ಸಪ್‌ನಲ್ಲಿ ಎರಡು ನೀಲಿ ಗೆರೆ ಮೂಡದಿದ್ದರೆ ಎರಡು ಗಂಟೆಯಲ್ಲೇ ಆತಂಕ ಆರಂಭವಾಗುತ್ತದೆ. ಜರ್ಮನಿಯಲ್ಲಿರುವ ಮಗಳು ತರಗತಿಯಲ್ಲಿರಬಹುದು, ಬ್ಯಾಟರಿ ಮುಗಿದಿರಬಹುದು, ನಿದ್ದೆ ಹೋಗಿರಬಹುದು. ಯುರೋಪಿನಲ್ಲಿ ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಬದಲಿಸುತ್ತಾರೆ. ಬೇಸಿಗೆಯಲ್ಲಿ ನಮಗೂ ಜರ್ಮನಿಗೂ ಮೂರೂವರೆ ಗಂಟೆ ವ್ಯತ್ಯಾಸವಿದ್ದರೆ ಚಳಿಗಾಲದಲ್ಲಿ ಅದು ನಾಲ್ಕೂವರೆ ಗಂಟೆ. ಇದು ಗೊತ್ತಿಲ್ಲದೆ ‘ದಿನಾ ಈ ಹೊತ್ತಿಗೆ ಮಾಡುತ್ತಿದ್ದಳು, ಇವತ್ತೇಕೆ ಮಾಡಲಿಲ್ಲ’ ಎಂದು ಕಂಗಾಲಾದ ಮನೆಗಳಿವೆ.

ಹೀಗೆ ಸುಳ್ಳು ಆತಂಕ ಹೆಚ್ಚಿದಷ್ಟೂ ನಿಜವಾದ ಆಪತ್ತನ್ನು ಗುರುತಿಸುವುದು ಕಷ್ಟವಾಗುತ್ತದೆ. ದಿನವೂ ಗಾಬರಿಯಾಗುವ ಅಮ್ಮನ ಮಾತನ್ನು, ನಿಜಕ್ಕೂ ಗಾಬರಿಯಾಗಬೇಕಾದ ದಿನ ಮನೆಯವರೇ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ಸಂಪರ್ಕ ಕಡಿದ ನಾಲ್ಕು ಸಂದರ್ಭ

ಫೋನು ಕೈಕೊಡುವುದು ಹೇಗೆ? ಈಚಿನ ವರ್ಷಗಳ ನಾಲ್ಕು ಪ್ರಸಂಗಗಳು ನಾಲ್ಕು ಬಗೆಯ ಉತ್ತರ ನೀಡುತ್ತವೆ.

ಮೊದಲನೆಯದು ಚೀನಾ. ಅಲ್ಲಿ ವಾಟ್ಸಪ್ ಬಳಕೆಗೆ 2017ರಿಂದಲೇ ತಡೆಯಿದೆ. ಹೀಗಾಗಿ ಅಲ್ಲಿ ವೈದ್ಯಕೀಯ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳಿಗೂ ಮನೆಯವರಿಗೂ ಚೀನಾದ ವಿ-ಚಾಟ್ ಆ್ಯಪ್ ಸೇತುವೆಯಾಗಿತ್ತು. ಗಲ್ವಾನ್ ಸಂಘರ್ಷದ ನಂತರ, 2020ರ ಜೂನ್ 29ರಂದು ಕೇಂದ್ರ ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿತು. ಅದರಲ್ಲಿ ಟಿಕ್‌ಟಾಕ್ ಜತೆ ವಿ-ಚಾಟ್ ಕೂಡ ಇತ್ತು. ದೇಶದ ಭದ್ರತೆಯ ದೃಷ್ಟಿಯಿಂದ ಕೈಗೊಂಡ ನಿರ್ಧಾರ ಅದು. ಆದರೆ ಒಂದು ಕಡೆಯ ಆ್ಯಪ್ ಅಲ್ಲಿ ನಡೆಯದು, ಇನ್ನೊಂದು ಕಡೆಯದು ಇಲ್ಲಿ ನಡೆಯದು ಎಂಬ ಸ್ಥಿತಿ ಉಂಟಾಯಿತು. ಯಾವ ದೇಶಕ್ಕೆ ಹೋದರೂ ಒಂದೇ ಆ್ಯಪ್ ಸಾಕು ಎಂಬ ಎಣಿಕೆ ತಪ್ಪು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಎರಡನೆಯದು ಉಕ್ರೇನ್. ಅಲ್ಲಿ ಜಾಲ ಬಹುಮಟ್ಟಿಗೆ ಕೆಲಸ ಮಾಡುತ್ತಿತ್ತು. ಕೊರತೆಯಾದದ್ದು ವಿದ್ಯುತ್ತಿಗೆ. ಸುಮಿ ನಗರದಲ್ಲಿ ಸಿಲುಕಿದ್ದ ಸುಮಾರು 700 ಭಾರತೀಯ ವಿದ್ಯಾರ್ಥಿಗಳು ಕರೆಂಟು, ನೀರು ಎರಡೂ ಇಲ್ಲದೆ ಹಿಮ ಕರಗಿಸಿ ಕುಡಿದರು. ಅಂಥ ಹೊತ್ತಿನಲ್ಲಿ ಮೊಬೈಲ್ ಚಾರ್ಜ್ ಎಂಬುದು ಅನ್ನದಷ್ಟೇ ಅಮೂಲ್ಯ. ಮಾರ್ಚ್ 2ರಂದು ರಾಯಭಾರ ಕಚೇರಿ, ಖಾರ್ಕಿವ್‌ನಲ್ಲಿರುವ ಭಾರತೀಯರು ತಕ್ಷಣ ನಗರ ತೊರೆಯಬೇಕು, ವಾಹನ ಸಿಗದಿದ್ದರೆ ನಡೆದಾದರೂ ಸರಿ, ಸಂಜೆ 6ರೊಳಗೆ ಸೂಚಿಸಿದ ಮೂರು ಜಾಗಗಳನ್ನು ಸೇರಬೇಕು ಎಂದು ಸೂಚಿಸಿತು. ಆ ಸೂಚನೆಯನ್ನು ಓದಲು ಫೋನಿನಲ್ಲಿ ಚಾರ್ಜ್ ಇರಬೇಕಿತ್ತು. ಮನೆಯವರೊಂದಿಗೆ ಗಂಟೆಗಟ್ಟಲೆ ವಿಡಿಯೊ ಕರೆ ಮಾಡಿದವನ ಫೋನು ಅಂಥ ಹೊತ್ತಿನಲ್ಲಿ ಸತ್ತಿದ್ದರೆ? ಪ್ರೀತಿಯಿಂದ ಮಾಡಿದ ಕರೆಯೇ ಜೀವಕ್ಕೆ ಕುತ್ತಾಗಬಲ್ಲ ವಿಚಿತ್ರ ಸ್ಥಿತಿ ಅದು.

ಮೂರನೆಯದು ಸರ್ಕಾರಗಳೇ ಜಾಲ ಕಡಿಯುವ ಪ್ರಸಂಗ. 2024ರ ಜುಲೈನಲ್ಲಿ ಬಾಂಗ್ಲಾದೇಶದಲ್ಲಿ ಮೀಸಲಾತಿ ವಿರೋಧಿ ಚಳವಳಿ ಉಗ್ರರೂಪ ತಾಳಿದಾಗ, 18ರ ರಾತ್ರಿಯಿಂದ ಇಂಟರ್‌ನೆಟ್ ಸಂಪೂರ್ಣ ಸ್ಥಗಿತಗೊಂಡಿತು. ವಿದೇಶಗಳಿಂದ ಮಾಡಿದ ಕರೆಗಳೂ ಬಹುಪಾಲು ತಲುಪದಾದವು. ಆ ದಿನಗಳಲ್ಲಿ 6,700ಕ್ಕೂ ಹೆಚ್ಚು ಭಾರತೀಯ ವಿದ್ಯಾರ್ಥಿಗಳು ಸ್ವದೇಶಕ್ಕೆ ಮರಳಿದರು. ಮರುವರ್ಷ, 2025ರ ಜೂನ್‌ನಲ್ಲಿ ಇಸ್ರೇಲ್-ಇರಾನ್ ಸಂಘರ್ಷದ ನಡುವೆ ಇರಾನಿನಲ್ಲೂ ಇಂಟರ್‌ನೆಟ್ ಹೆಚ್ಚುಕಡಿಮೆ ನಿಂತೇಹೋಯಿತು. ಚಿಕ್ಕಬಳ್ಳಾಪುರ ಜಿಲ್ಲೆ ಗೌರಿಬಿದನೂರು ತಾಲ್ಲೂಕಿನ ಅಲೀಪುರದ ಅನೇಕ ಯುವಕರು ಧಾರ್ಮಿಕ ಹಾಗೂ ವೈದ್ಯಕೀಯ ಶಿಕ್ಷಣಕ್ಕಾಗಿ ಇರಾನಿಗೆ ಹೋಗುವ ಪರಿಪಾಠವಿದೆ. ಆ ಊರಿನವರು ಆ ದಿನಗಳನ್ನು ಆತಂಕದಲ್ಲೇ ಕಳೆದರು. ‘ಆಪರೇಷನ್ ಸಿಂಧು’ ಹೆಸರಿನ ತೆರವು ಕಾರ್ಯಾಚರಣೆಯಲ್ಲಿ ಅರ್ಮೇನಿಯಾ ಮಾರ್ಗವಾಗಿ 110 ವಿದ್ಯಾರ್ಥಿಗಳ ಮೊದಲ ತಂಡ ಜೂನ್ 19ರಂದು ದೆಹಲಿ ತಲುಪಿತು.

ನಾಲ್ಕನೆಯದಕ್ಕೆ ದೇಶದ ಗಡಿ ದಾಟಬೇಕಿಲ್ಲ. 2024ರ ಮೇ 29ರಂದು ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೊರಟ, ಬಹುತೇಕ ಕರ್ನಾಟಕದವರೇ ಇದ್ದ 22 ಮಂದಿಯ ತಂಡ ಜೂನ್ ಮೊದಲ ವಾರ ಹಿಮಗಾಳಿಗೆ ಸಿಲುಕಿತು. ಒಂಬತ್ತು ಮಂದಿ ಅಸುನೀಗಿದರು. ಅವರು ಮರಳಬೇಕಿದ್ದದ್ದು ಜೂನ್ 7ರಂದು. ಅಂಥ ಎತ್ತರದಲ್ಲಿ ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲ. ಅನುಮತಿಯಿಲ್ಲದೆ ಉಪಗ್ರಹ ಫೋನ್ ಒಯ್ಯುವುದು ನಮ್ಮ ದೇಶದಲ್ಲಿ ಕಾನೂನುಬಾಹಿರ. ಮನೆಯವರ ಲೆಕ್ಕದಲ್ಲಿ ಅವರು ಇನ್ನೂ ಮೂರು ದಿನ ಮಾತನಾಡದಿದ್ದರೂ ಅದು ಸಹಜ ಮೌನವೇ ಆಗಿರುತ್ತಿತ್ತು.

‘ಕ್ಷಮಿಸಿ, ಹೇಳುವಂತಿಲ್ಲ’

ಯುದ್ಧ, ಹಿಮಪಾತ ಎಲ್ಲರಿಗೂ ಎದುರಾಗುವುದಿಲ್ಲ. ಸಾಮಾನ್ಯ ಕುಟುಂಬ ಎದುರಿಸುವ ಸಂಕಟ ಬೇರೆ ಬಗೆಯದು. ಅಮೆರಿಕದಲ್ಲಿ ಓದುತ್ತಿರುವ ಮಗ ಎರಡು ದಿನದಿಂದ ಫೋನ್ ಎತ್ತುತ್ತಿಲ್ಲ. ತಂದೆ ವಿಶ್ವವಿದ್ಯಾಲಯಕ್ಕೆ ಕರೆ ಮಾಡುತ್ತಾರೆ. ‘ಕ್ಷಮಿಸಿ, ವಿದ್ಯಾರ್ಥಿಯ ಬಗ್ಗೆ ಮಾಹಿತಿ ನೀಡುವಂತಿಲ್ಲ’ ಎಂಬ ಉತ್ತರ ಬರುತ್ತದೆ. ಶುಲ್ಕ ಕಟ್ಟಿದ್ದು ನಾನು, ಸಾಲ ಮಾಡಿದ್ದು ನಾನು, ನನಗೇ ಹೇಳುವುದಿಲ್ಲವೆಂದರೇನು ಎಂದು ಅವರು ಸಿಡಿಮಿಡಿಗೊಳ್ಳುವುದು ಸಹಜ.

ಆದರೆ ಅಲ್ಲಿನ ಕಾನೂನು ಇರುವುದೇ ಹಾಗೆ. ಅಮೆರಿಕದಲ್ಲಿ 1974ರಿಂದ ಜಾರಿಯಲ್ಲಿರುವ ಕಾಯ್ದೆಯೊಂದರ ಪ್ರಕಾರ ಕಾಲೇಜು ಸೇರಿದ ವಿದ್ಯಾರ್ಥಿಯ ದಾಖಲೆಗಳ ಮೇಲಿನ ಹಕ್ಕು ಆತನದೇ. ಪೋಷಕರಿಗೆ ವಿವರ ನೀಡಲು ಸಾಮಾನ್ಯವಾಗಿ ಆತನ ಒಪ್ಪಿಗೆ ಬೇಕು. ಆರೋಗ್ಯ ಅಥವಾ ಸುರಕ್ಷತೆಗೆ ಸಂಬಂಧಿಸಿದ ತುರ್ತು ಸಂದರ್ಭಗಳಿಗೆ ವಿನಾಯಿತಿಯಿದೆ. ಬಂಧನದ ವಿಷಯದಲ್ಲೂ ಹಾಗೆಯೇ. 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯ ಪ್ರಕಾರ, ಬಂಧಿತ ವಿದೇಶೀಯ ಬಯಸಿದರೆ ಆತನ ದೇಶದ ದೂತಾವಾಸಕ್ಕೆ ವಿಳಂಬವಿಲ್ಲದೆ ತಿಳಿಸಬೇಕು. ‘ಬಯಸಿದರೆ’ ಎಂಬ ಮಾತು ಇಲ್ಲಿ ಮುಖ್ಯ. ಹೀಗೊಂದು ಹಕ್ಕಿದೆ ಎಂಬುದೇ ತಿಳಿಯದ ಹತ್ತೊಂಬತ್ತರ ಹುಡುಗ ಅದನ್ನು ಕೇಳುವುದಾದರೂ ಹೇಗೆ?

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿ ಹೇಳಬೇಕು. ಹುಬ್ಬಳ್ಳಿಯಿಂದ 911 ಒತ್ತಿದರೆ ಅಮೆರಿಕದ ಪೊಲೀಸರು ಸಿಗುವುದಿಲ್ಲ. ತುರ್ತು ಸಂಖ್ಯೆಗಳು ಆಯಾ ದೇಶದೊಳಗಷ್ಟೇ ಉಪಯುಕ್ತ. ಅಮೆರಿಕ, ಕೆನಡಾ, ಬ್ರಿಟನ್‌ಗಳಲ್ಲಿ ಬಂಧುಗಳು ಕೋರಿದರೆ ಪೊಲೀಸರು ಮನೆಗೆ ಹೋಗಿ ಕ್ಷೇಮ ವಿಚಾರಿಸುವ ಪದ್ಧತಿಯಿದೆ. ಅದಕ್ಕೆ ಆ ಊರಿನ ಠಾಣೆಯ ಸಾಮಾನ್ಯ ದೂರವಾಣಿ ಸಂಖ್ಯೆ ಬೇಕು, ಮಗ ಇರುವ ಮನೆಯ ಪೂರ್ಣ ವಿಳಾಸ ಬೇಕು. ಮಗ ಯಾವ ಬೀದಿಯ ಯಾವ ಮನೆಯಲ್ಲಿದ್ದಾನೆ ಎಂಬುದನ್ನು ಬರೆದಿಟ್ಟುಕೊಂಡ ಪೋಷಕರು ಎಷ್ಟು ಮಂದಿ?

ಮೌನದ ಲಾಭ ಪಡೆಯುವವರು

ಈ ಅನಿಶ್ಚಿತತೆಯನ್ನು ನಾವು ಅರಿಯುವ ಮೊದಲೇ ವಂಚಕರು ಅರಿತಿದ್ದಾರೆ. ‘ನಿಮ್ಮ ಮಗ ಪೊಲೀಸರ ವಶದಲ್ಲಿದ್ದಾನೆ, ಪ್ರಕರಣ ಮುಚ್ಚಿಹಾಕಲು ಹಣ ಕಳುಹಿಸಿ’ ಎಂಬ ವಾಟ್ಸಪ್ ಕರೆಗಳು ದೇಶದಾದ್ಯಂತ ವರದಿಯಾಗಿವೆ. ಕರೆ ಮಾಡಿದವನ ಚಿತ್ರದಲ್ಲಿ ಖಾಕಿ ಸಮವಸ್ತ್ರ, ಹಿನ್ನೆಲೆಯಲ್ಲಿ ಹುಡುಗನೊಬ್ಬನ ಅಳು. ಧ್ವನಿಯನ್ನು ನಕಲು ಮಾಡುವ ತಂತ್ರಜ್ಞಾನ ಈಗ ಸುಲಭವಾಗಿ ಸಿಗುವುದರಿಂದ ಅಳು ಮಗನದೇ ಅನ್ನಿಸುವುದೂ ಉಂಟು. ‘ಡಿಜಿಟಲ್ ಅರೆಸ್ಟ್’ ವಂಚನೆಯ ಬಗ್ಗೆ ಸ್ವತಃ ಪ್ರಧಾನಿಯೇ 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಎಚ್ಚರಿಸಬೇಕಾಯಿತು. ಹಣ ಕಳೆದುಕೊಂಡವರು ತಕ್ಷಣ ಕರೆ ಮಾಡಬೇಕಾದ ಸಹಾಯವಾಣಿ 1930.

ಈ ವಂಚನೆ ನಡೆಯುವುದು ಒಂದೇ ಕಾರಣಕ್ಕೆ. ಆ ಗಳಿಗೆಯಲ್ಲಿ ಮಗ ಎಲ್ಲಿದ್ದಾನೆ ಎಂದು ಖಚಿತಪಡಿಸಿಕೊಳ್ಳಲು ಪೋಷಕರ ಬಳಿ ಎರಡನೇ ದಾರಿ ಇರುವುದಿಲ್ಲ. ಮಗನ ಫೋನು ಸಿಗದಿದ್ದರೆ ಕೋಣೆಯ ಜತೆಗಾರನ ಸಂಖ್ಯೆ ಇದ್ದರೆ ಸಾಕು, ಸುಳ್ಳು ಎರಡು ನಿಮಿಷದಲ್ಲಿ ಬಯಲಾಗುತ್ತದೆ. ಮನೆಯವರಿಗೆ ಮಾತ್ರ ತಿಳಿದಿರುವ ಒಂದು ಗುಟ್ಟಿನ ಮಾತನ್ನು ಮೊದಲೇ ಗೊತ್ತುಮಾಡಿಕೊಂಡಿದ್ದರೆ ಇನ್ನೂ ಒಳಿತು.

ಸರ್ಕಾರದ ಪಟ್ಟಿಯಲ್ಲಿ ನಮ್ಮ ಮಕ್ಕಳಿದ್ದಾರೆಯೇ?

ಉಕ್ರೇನ್ ಯುದ್ಧದ ವೇಳೆ ‘ಆಪರೇಷನ್ ಗಂಗಾ’ ಮೂಲಕ ಸುಮಾರು 22,500 ಭಾರತೀಯರು ಸುರಕ್ಷಿತವಾಗಿ ಮರಳಿದರು. ಸಣ್ಣ ಸಾಧನೆಯಲ್ಲ ಅದು. ಕೀವ್‌ನಲ್ಲಿದ್ದ ರಾಯಭಾರ ಕಚೇರಿ ಯುದ್ಧಕ್ಕೆ ಒಂದು ತಿಂಗಳು ಮೊದಲೇ ಭಾರತೀಯರೆಲ್ಲ ಹೆಸರು ನೋಂದಾಯಿಸಿಕೊಳ್ಳುವಂತೆ ಕೋರಿತ್ತು. ಕಾರ್ಯಾಚರಣೆಯ ಯೋಜನೆಗೆ ಆ ಪಟ್ಟಿ ನೆರವಾಯಿತು. ಇತ್ತ ಕರ್ನಾಟಕದಲ್ಲಿ ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಸಹಾಯವಾಣಿ ತೆರೆದು, ನೋಡಲ್ ಅಧಿಕಾರಿಯನ್ನು ಗೊತ್ತುಪಡಿಸಿ, ಕುಟುಂಬಗಳಿಂದ ಒಬ್ಬೊಬ್ಬರ ವಿವರ ಸಂಗ್ರಹಿಸಿತು. ಅಧಿಕಾರಿಗಳ ಶ್ರಮ ಮೆಚ್ಚಬೇಕಾದದ್ದೇ. ಆದರೆ ಬಾಂಬು ಬೀಳಲು ಆರಂಭವಾದ ಮೇಲೆ ಹೆಸರು ಬರೆದುಕೊಳ್ಳುವುದೆಂದರೆ ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್ 2015ರಿಂದ ಇದೆ. ಕೆನಡಾ ಜತೆಗಿನ ಸಂಬಂಧ ಹದಗೆಟ್ಟಾಗ, 2023ರ ಸೆಪ್ಟೆಂಬರ್‌ನಲ್ಲಿ, ಅಲ್ಲಿನ ಭಾರತೀಯ ವಿದ್ಯಾರ್ಥಿಗಳು ಇದರಲ್ಲಿ ನೋಂದಾಯಿಸಿಕೊಳ್ಳಬೇಕೆಂದು ಸಚಿವಾಲಯ ಸೂಚಿಸಿತ್ತು. ಸಂಕಷ್ಟಕ್ಕೆ ಸಿಲುಕಿದವರಿಗೆ ನೆರವಾಗಲು ರಾಯಭಾರ ಕಚೇರಿಗಳಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿಯೂ ಇದೆ. ವ್ಯವಸ್ಥೆ ಇದ್ದರೂ ಅದನ್ನು ಬಳಸಿಕೊಳ್ಳುವ ಅಭ್ಯಾಸ ನಮಗಿಲ್ಲ. ಪ್ರವೇಶ ಕೊಡಿಸುವ ಏಜೆಂಟರು ವೀಸಾ, ಸಾಲ, ವಿಮಾನದ ಟಿಕೆಟ್‌ವರೆಗೆ ಎಲ್ಲ ವಿವರಿಸುತ್ತಾರೆ. ತಲುಪಿದ ಮೇಲೆ ದೂತಾವಾಸದಲ್ಲಿ ಹೆಸರು ಬರೆಸು ಎಂದು ಹೇಳುವವರು ವಿರಳ.

ನೆರೆಯ ಕೇರಳವನ್ನು ನೋಡಿ. ಅನಿವಾಸಿ ಕೇರಳೀಯರಿಗಾಗಿ ಅದು 1996ರಲ್ಲೇ ‘ನೋರ್ಕಾ’ ಎಂಬ ಪ್ರತ್ಯೇಕ ಇಲಾಖೆ ಸ್ಥಾಪಿಸಿತು. ವಿದೇಶದಲ್ಲಿ ಓದುವ ವಿದ್ಯಾರ್ಥಿಗಳಿಗೂ ಗುರುತಿನ ಚೀಟಿ ನೀಡುವ ವ್ಯವಸ್ಥೆ ಅಲ್ಲಿದೆ. ಕೊಲ್ಲಿ ದೇಶಗಳಿಗೆ ವಲಸೆ ಹೋದ ದುಡಿಯುವ ಜನರ ಅನುಭವ ಆ ರಾಜ್ಯಕ್ಕೆ ಕಲಿಸಿದ ಪಾಠ ಅದು. ಕರ್ನಾಟಕದಲ್ಲಿ ಅನಿವಾಸಿ ಭಾರತೀಯ ಸಮಿತಿ ಇದೆ. ಆದರೆ ಓದಲು ಹೊರಡುವ ರಾಣೆಬೆನ್ನೂರಿನ ಅಥವಾ ರಾಯಚೂರಿನ ಹುಡುಗನ ಮನೆಗೆ ಅದರ ಹೆಸರು ತಲುಪಬೇಕು. ಶಿಕ್ಷಣ ಸಾಲ ಮಂಜೂರು ಮಾಡುವ ಬ್ಯಾಂಕಿನಲ್ಲೇ, ಪಾಸ್‌ಪೋರ್ಟ್ ಪಡೆಯುವ ಕೇಂದ್ರದಲ್ಲೇ ನೋಂದಣಿಯ ಮಾಹಿತಿಯನ್ನು ಕನ್ನಡದಲ್ಲಿ ಒದಗಿಸುವುದಕ್ಕೆ ದೊಡ್ಡ ಬಜೆಟ್ ಬೇಕಿಲ್ಲ.

ಕಾವಲಲ್ಲ, ಒಪ್ಪಂದ

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಪಕ್ಷವನ್ನೂ ಕೇಳಬೇಕು. ಮನೆ ಬಿಟ್ಟು ಹೋದ ಯುವಕನಿಗೋ ಯುವತಿಗೋ ಸ್ವಂತ ಬದುಕು ಬೇಕು. ಫೋನಿನಲ್ಲಿ ಇಪ್ಪತ್ತನಾಲ್ಕು ಗಂಟೆಯೂ ಇರುವ ಜಾಗ ತೋರಿಸುತ್ತಿರು ಎಂದು ಒತ್ತಾಯಿಸುವ ಪೋಷಕರಿದ್ದಾರೆ. ಅದರಿಂದ ಸಿಗುವುದು ಫೋನಿರುವ ಜಾಗವೇ ಹೊರತು ಮಗಳ ಮನಸ್ಸಿನ ಸ್ಥಿತಿಯಲ್ಲ. ಎಡೆಬಿಡದ ವಿಚಾರಣೆಗೆ ಬೇಸತ್ತ ಮಕ್ಕಳು ‘ಊಟ ಆಯ್ತಾ’ ಎಂಬ ಪ್ರಶ್ನೆಗೆ ‘ಆಯ್ತಮ್ಮಾ’ ಎಂದು ಉತ್ತರಿಸಿ ಕರೆ ಮುಗಿಸುತ್ತಾರೆ. ಬಾಡಿಗೆ ಕಟ್ಟಲಾಗದ್ದು, ಪರೀಕ್ಷೆಯಲ್ಲಿ ಸೋತದ್ದು, ಒಂಟಿತನ ಕಾಡುತ್ತಿರುವುದು ಆ ಮೂರಕ್ಷರದ ಹಿಂದೆ ಅಡಗಿಬಿಡುತ್ತವೆ.

ಆದ್ದರಿಂದ ಬೇಕಿರುವುದು ಎರಡೂ ಕಡೆ ಒಪ್ಪಿ ಮಾಡಿಕೊಂಡ ಕರಾರು. ವಾರದಲ್ಲಿ ಎರಡು ದಿನ ನೆಮ್ಮದಿಯಾಗಿ ಮಾತು, ಉಳಿದ ದಿನ ಒಂದು ಸಾಲಿನ ಸಂದೇಶ ಸಾಕು ಎಂದು ನಿರ್ಧರಿಸಬಹುದು. ಎಷ್ಟು ಹೊತ್ತಿನ ಮೌನ ಸಹಜ, ಎಷ್ಟು ದಾಟಿದರೆ ವಿಚಾರಿಸಬೇಕು ಎಂಬುದನ್ನು ಮಕ್ಕಳೇ ಹೇಳಲಿ. ಆಗ ಮೊದಲು ಯಾರಿಗೆ ಕರೆ ಮಾಡಬೇಕು ಎಂಬುದನ್ನೂ ಅವರೇ ಸೂಚಿಸಲಿ. ಕೋಣೆಯ ಜತೆಗಾರ, ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ವಿಭಾಗ, ಆ ಊರಿನ ಕನ್ನಡ ಕೂಟದ ಪರಿಚಿತರು, ಭಾರತೀಯ ದೂತಾವಾಸ, ಹೀಗೆ ಒಂದರ ನಂತರ ಒಂದು. ತುರ್ತು ಸಂದರ್ಭದಲ್ಲಿ ತಿಳಿಸಬೇಕಾದವರು ಎಂಬ ಜಾಗದಲ್ಲಿ ತಂದೆ-ತಾಯಿಯ ಹೆಸರನ್ನು ಕಾಲೇಜಿನ ಅರ್ಜಿಯಲ್ಲಿ ಬರೆದಿರಲಿ. ಪಾಸ್‌ಪೋರ್ಟ್, ವೀಸಾ, ವಿಮೆಯ ಪ್ರತಿಗಳು ಮನೆಯಲ್ಲಿರಲಿ. ಚಾರಣಕ್ಕೆ ಹೊರಟವರು ಮಾರ್ಗ, ತಂಡ, ಮರಳುವ ದಿನ ಮತ್ತು ಆ ದಿನ ಮೀರಿದರೆ ಕರೆ ಮಾಡಬೇಕಾದ ಸ್ಥಳೀಯ ಸಂಖ್ಯೆಯನ್ನು ಬರೆದುಕೊಟ್ಟು ಹೋಗಲಿ.

ಇವೆಲ್ಲವನ್ನೂ ಸೇರಿಸಿದರೂ ಒಂದು ಹಾಳೆ ದಾಟುವುದಿಲ್ಲ. ಅದನ್ನು ಫೋನಿನೊಳಗೆ ಇಟ್ಟರೆ ಸಾಲದು, ಕಾಗದದ ಮೇಲೆ ಬರೆದು ಮನೆಯ ಬೀರುವಿನಲ್ಲಿ ಇಡಬೇಕು. ಸೂಟ್‌ಕೇಸಿಗೆ ಚಟ್ನಿಪುಡಿ, ಉಪ್ಪಿನಕಾಯಿ ತುಂಬುವ ಸಡಗರದಲ್ಲಿ ಅರ್ಧ ಗಂಟೆ ಬಿಡುವು ಮಾಡಿಕೊಂಡು ತಂದೆ, ತಾಯಿ, ಮಗ ಒಟ್ಟಿಗೆ ಕುಳಿತರೆ ಮುಗಿಯುವ ಕೆಲಸ.

ಉಕ್ರೇನ್, ಬಾಂಗ್ಲಾದೇಶ, ಇರಾನ್ ಆಯಿತು. ಮುಂದೆ ಯಾವ ದೇಶದ ಜಾಲ ಕಡಿಯುತ್ತದೋ ಯಾರೂ ಹೇಳಲಾರರು. ಆದರೆ ಅಂದು ಕೂಡ ಕರ್ನಾಟಕದ ಹುಡುಗನೊಬ್ಬ ಅಲ್ಲಿರುತ್ತಾನೆ, ಇಲ್ಲಿ ಅವನ ಮನೆಯವರು ಸಿಗದ ಫೋನಿಗೆ ಮತ್ತೆ ಮತ್ತೆ ಕರೆ ಮಾಡುತ್ತಿರುತ್ತಾರೆ. ಆಗ ಅವರ ಕೈಯಲ್ಲಿ ಆ ಒಂದು ಹಾಳೆ ಇರುತ್ತದೆಯೇ, ಸರ್ಕಾರದ ಪಟ್ಟಿಯಲ್ಲಿ ಆ ಹುಡುಗನ ಹೆಸರು ಇರುತ್ತದೆಯೇ ಎಂಬುದು ಇಂದೇ ತೀರ್ಮಾನವಾಗಬೇಕು.